ಮೂಲೆ ಹರಿದ ಟಿಕೆಟ್ಟು

ನನ್ನ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಜಾತಿ. ಟಿಕೆಟ್ ಕೊಡುವವರದು ಒಂದು, ತೆಗೆದುಕೊಳ್ಳುವವರದು ಇನ್ನೊಂದು. ಮಿಕ್ಕ ಜಾತಿಗಳೆಲ್ಲ ಸೀಟು ಸಿಕ್ಕಿದ ಮೇಲೆ ಹೊತ್ತು ಹೋಗುವುದಕ್ಕೆ ಜನ ಮಾಡಿಕೊಂಡಿರುವುದು. ನಾನು ಮೊದಲನೆಯ ಜಾತಿಯವನು. ಹುಣಸೂರಿನಿಂದ ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿ ಸರ್ವೀಸು ಸವೆಸಿದವನು. ಸ್ವಲ್ಪ ಕಾಲ ಕೆ.ಆರ್. ನಗರದ ರೂಟಿಗೂ ಹಾಕಿದ್ದರು. ಅಲ್ಲಿ ಒಮ್ಮೆ ಸಾಲಿಗ್ರಾಮದ ಕಡೆಯ ಪೂಜಾರಿಯೊಬ್ಬರು ಹಿತ್ತಾಳೆಯ ಉತ್ಸವಮೂರ್ತಿಯನ್ನು ಪಾಲಿಶ್ ಮಾಡಿಸಿಕೊಂಡು ಬಸ್ ಹತ್ತಿದರು. ನಾನು ಲಗೇಜ್ ಟಿಕೆಟ್ ಹರಿದೆ. "ದೇವ್ರಿಗೂ ಲಗೇಜಾ?" ಎಂದು ಅವರು ಕಣ್ಣು ಕೆಂಪಗೆ ಮಾಡಿದರು. "ಸೀಟಲ್ಲಿ ಕೂತ್ರೆ ಫುಲ್ ಟಿಕೆಟ್ಟು, ತೊಡೆ ಮ್ಯಾಲಿದ್ರೆ ಲಗೇಜು. ಯಾವ್ದು ಬೇಕು ನೀವೂ ದೇವ್ರೂ ಮಾತಾಡ್ಕಂಡು ಯೋಳಿ" ಅಂದೆ. ದೇವರು ತೊಡೆಯ ಮೇಲೆಯೇ ಬಂದರು. ಆ ಮೇಲೆ ನನಗೆ ಕೇಡೇನೂ ಆಗಲಿಲ್ಲ. ಅಂದರೆ ದೇವರಿಗೆ ನಿಯಮ ಗೊತ್ತಿದೆ, ಪೂಜಾರಿಗೆ ಗೊತ್ತಿರಲಿಲ್ಲ ಅಷ್ಟೆ.

ಅಂಥ ನಾನು ಹೋದ ವರ್ಷ ಜಾತಿಗೆಟ್ಟೆ. ಟಿಕೆಟ್ ತೆಗೆದುಕೊಳ್ಳುವವರ ಸಾಲಿಗೆ ಸೇರಿದೆ. ಅದೂ ಎಂಥ ಟಿಕೆಟ್ಟು ಅಂತೀರಿ, ಯಾವುದೋ ದೇಶದ ರೈಲಿನದು, ಅದನ್ನು ನಮ್ಮ ಮನೆಯಲ್ಲಿ ನಾವೇ ಅಚ್ಚು ಹಾಕಿಕೊಳ್ಳಬಹುದಂತೆ! ಪ್ರಯಾಣಿಕರೇ ಮನೆಯಲ್ಲಿ ಟಿಕೆಟ್ ಅಚ್ಚು ಹಾಕಿಕೊಂಡು ಬರಬಹುದು ಎಂದು ನಮ್ಮ ಕಡೆ ಯಾರಾದರೂ ಒಂದು ಬೋರ್ಡು ಹಾಕಿದರೆ, ಸಾಯಂಕಾಲದೊಳಗೆ ಅಂತರಸಂತೆಯ ಸಂತೆಯಲ್ಲಿ ಸೌತೆಕಾಯಿಯ ಪಕ್ಕ ಗುಡ್ಡೆ ಹಾಕಿ ಮಾರುತ್ತಾರೆ. ಆ ದೇಶದವರು ಮನುಷ್ಯರನ್ನು ಇಷ್ಟೊಂದು ನಂಬುತ್ತಾರೆ ಎಂದು ಗೊತ್ತಾದಾಗ ನನಗೆ ಅವರ ಬಗ್ಗೆ ಗೌರವಕ್ಕಿಂತ ಕನಿಕರವೇ ಹೆಚ್ಚಾಗಿ ಬಂತು.

ಕಾರಣ ಪಾಸಂಗ್. ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನವನು, ನನ್ನ ಬಸ್ಸಿನ ಕಾಯಂ ಗಿರಾಕಿ. ಕಣ್ಣು ಮುಚ್ಚಿಕೊಂಡು ಅವನ ಮಾತು ಕೇಳಿದರೆ ಪಿರಿಯಾಪಟ್ಟಣದ ಯಾವನೋ ಹೊಗೆಸೊಪ್ಪಿನ ಗೌಡ ಮಾತಾಡುತ್ತಿದ್ದಾನೆ ಅನ್ನಬೇಕು, ಹಾಗೆ ಕನ್ನಡ ಆಡುತ್ತಿದ್ದ. ಚಳಿಗಾಲ ಬಂದರೆ ಗಂಡ ಹೆಂಡಿರಿಬ್ಬರೂ ಸ್ವೆಟರಿನ ಗಂಟು ಕಟ್ಟಿಕೊಂಡು ಊರೂರಿಗೆ ವ್ಯಾಪಾರಕ್ಕೆ ಹೊರಡುತ್ತಿದ್ದರು. ಅವರ ಮಗಳು ಡೋಲ್ಕರ್ ಹುಣಸೂರಿನಲ್ಲಿ ಓದುತ್ತಿದ್ದಳು. ಆ ತಿಂಗಳುಗಳಲ್ಲಿ ಅವಳು ನಮ್ಮ ಮನೆಯಲ್ಲೇ ಇರುತ್ತಿದ್ದಳು. ನಮಗೆ ಮಕ್ಕಳಿಲ್ಲ. ನನ್ನ ಹೆಂಡತಿ ಜಯಮ್ಮ ಆ ಹುಡುಗಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಮುದ್ದೆ ನುಂಗುವುದನ್ನು ಕಲಿಸಿ, ಮಗ್ಗಿ ಹೇಳಿಸಿ, ಬೇಸಿಗೆಗೆ ಅವರಪ್ಪ ಬಂದು ಕರೆದುಕೊಂಡು ಹೋದಾಗ ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುತ್ತಿದ್ದಳು. ನಾನೂ ಉಪ್ಪಿಲ್ಲ ಅಂತ ಹೇಳುತ್ತಿರಲಿಲ್ಲ. ಆಮೇಲೆ ಅವರೆಲ್ಲ ಸ್ವಿಟ್ಜರ್ಲೆಂಡಿಗೆ ಹೋಗಿ ನೆಲೆ ನಿಂತರು. ಹೋದ ವರ್ಷ ಡೋಲ್ಕರ್ ಫೋನ್ ಮಾಡಿ, "ಅವ್ವಾ, ನನ್ ಮದ್ವೆ. ಬೆಳಿಗ್ಗೆ ನೀನು ಬಂದು ತಲೆ ಬಾಚ್ಲಿಲ್ಲ ಅಂದ್ರೆ ನಾನು ಕೆದರ್ಕಂಡೇ ಕೂತಿರ್ತೀನಿ ನೋಡು" ಅಂದಳು. ಜಯಮ್ಮ ಫೋನಿಟ್ಟವಳೇ ಸೆರಗಿನಲ್ಲಿ ಮುಖ ಒರೆಸಿಕೊಂಡು, ಪಾಸ್‌ಪೋರ್ಟ್ ಮಾಡಿಸುವುದು ಎಲ್ಲಿ ಎಂದು ಕೇಳಿದಳು.

ವಿಮಾನ ಇಳಿಯುವುದು ಜರ್ಮನಿಯಲ್ಲಿ. ಅಲ್ಲಿಂದ ಪಾಸಂಗನ ಊರಿಗೆ ರೈಲು. ಮಾರನೆಯ ಬೆಳಿಗ್ಗೆಯೇ ಮದುವೆ. ಆ ರೈಲು ಬಿಟ್ಟರೆ ಜಡೆಯೂ ಇಲ್ಲ, ಮದುವೆಯೂ ಇಲ್ಲ. ಪಾಸಂಗನೇ ರೈಲಿನ ಟಿಕೆಟ್ ಮಾಡಿ ಈಮೇಲಿನಲ್ಲಿ ಕಳಿಸಿ ಫೋನ್ ಮಾಡಿದ. "ಕಂಡಕ್ಟ್ರಣ್ಣ, ಫೋನಲ್ಲೇ ಮಡಿಕಳಿ, ತೋರ್ಸುದ್ರೆ ಸಾಕು. ಭಯ ಆದ್ರೆ ಒಂದು ಪ್ರಿಂಟ್ ತಕ್ಕಳಿ. ಆದ್ರೆ ಮೂಲೇಲಿ ಒಂದು ಕರಿ ಚೌಕ ಅದೆ, ಅದುನ್ನ ಮಾತ್ರ ಮುಟ್ಟಕೋಗ್ಬೇಡಿ. ಮಿಸಿನ್ನು ಅದುನ್ನೇ ನೋಡೋದು." ನನಗೆ ರೇಗಿತು. ಟಿಕೆಟ್ಟಿನ ವಿಷಯದಲ್ಲಿ ನನಗೆ ಪಾಠ! "ಲೇ ಪಾಸಂಗ, ನೀನು ಸ್ವೆಟ್ರು ಮಾರ್ತಿದ್ದಾಗ ನಾನು ಟಿಕೆಟ್ ಹರೀತಿದ್ದೋನು ಕಣ್ಲಾ. ಫೋನಲ್ಲಿ ತೋರ್ಸಾದು ಫೋಟೋ, ಟಿಕೆಟ್ಟಲ್ಲ" ಎಂದು ಫೋನ್ ಇಟ್ಟೆ.

ಹುಣಸೂರಿನಲ್ಲಿ ಹೆಜ್ಜೆಗೊಂದು ಜೆರಾಕ್ಸ್ ಅಂಗಡಿ ಇದೆ. ಆದರೆ ಜೆರಾಕ್ಸ್ ಅಂಗಡಿ ಎಂದರೆ ಊರಿನ ವಾರ್ತಾ ಇಲಾಖೆ. ಅಲ್ಲಿ ಕೊಟ್ಟ ಕಾಗದದ ಒಂದು ಪ್ರತಿ ನಮಗೆ, ಇನ್ನೊಂದು ಊರಿಗೆ. ನಾವು ಫಾರಿನ್ನಿಗೆ ಹೋಗುತ್ತೇವೆ ಎಂದು ತಿಳಿದರೆ ಡಿಪೋದ ಗೆಳೆಯರೆಲ್ಲ ಬಾಟಲಿಯ ಹೆಸರು ಬರೆದುಕೊಂಡು ಬರುತ್ತಾರೆ. ಅದಕ್ಕೇ ಮನೆಯಲ್ಲೇ ಆಗಲಿ ಅಂದೆ. ಮನೆಯಲ್ಲಿ ಪ್ರಿಂಟರ್ ಉಂಟು, ಆದರೆ ಅದು ಜಯಮ್ಮನದು. ಅವಳು ರವಿಕೆ ಹೊಲಿಯುವವಳು. ರವಿಕೆಯ ಬೆನ್ನಿಗೆ ಹಾಕುವ ನವಿಲು, ಮಾವಿನಕಾಯಿಗಳನ್ನು ಅದರಲ್ಲಿ ತೆಗೆದು ಬಟ್ಟೆಯ ಮೇಲೆ ಇಳಿಸಿಕೊಳ್ಳುತ್ತಾಳೆ. ಅದನ್ನು ನಾನು ಮುಟ್ಟಕೂಡದು ಎಂದು ಕಟ್ಟಪ್ಪಣೆ. ಒಮ್ಮೆ ನಾನು ಕರೆಂಟ್ ಬಿಲ್ಲಿನ ರಸೀದಿ ತೆಗೆಯಲು ಹೋಗಿ, ಯಾರದೋ ಮದುವೆಯ ರವಿಕೆಯ ನವಿಲಿಗೆ ಮೀಟರ್ ನಂಬರ್ ಬಂದುಬಿಟ್ಟಿತ್ತು.

ಹೊರಡುವ ದಿನ ಭಾನುವಾರ. ಸಾಯಂಕಾಲ ಬೆಂಗಳೂರಿಗೆ ಹೋಗಲು ಕಾರು ಹೇಳಿದ್ದೆವು. ಮಧ್ಯಾಹ್ನ ಊಟ ಮುಗಿಸಿ ಜಯಮ್ಮ ಪ್ರಿಂಟರಿನ ಮುಂದೆ ಕೂತಳು, ನಾನು ಹಿಂದೆ ನಿಂತು ಸಲಹೆ ಕೊಟ್ಟೆ. ನನ್ನ ಸಲಹೆ ಕೇಳಿಯೇ ಎಲ್ಲ ಪುಟ ತೆಗೆ ಎಂದು ಅವಳು ಒತ್ತಿದ್ದು. ಎಲ್ಲ ಪುಟ ಅಂದರೆ ಜರ್ಮನ್ ಭಾಷೆಯ ಷರತ್ತುಗಳು. ನಾಯಿ ತಂದರೆ ಏನು, ಸೈಕಲ್ ತಂದರೆ ಏನು ಎಂದು ಚಿತ್ರ ಸಮೇತ ಪುಟಗಟ್ಟಲೆ ಬಂತು. ಕೋಳಿಯ ಚಿತ್ರ ಇರಲಿಲ್ಲ. ಇವರಿನ್ನೂ ಕಲಿಯುವುದು ಬೇಕಾದಷ್ಟಿದೆ ಅಂದುಕೊಂಡೆ. ಕೊನೆಗೆ ಟಿಕೆಟ್ಟುಗಳು ಬಂದವು, ನನ್ನದೊಂದು, ಅವಳದೊಂದು. ಎರಡನೆಯದು ಹೊರಗೆ ಬೀಳುತ್ತಿದ್ದಂತೆ ಯಂತ್ರ ಕೆಂಪು ದೀಪ ಮಿಟುಕಿಸಿತು. "ಕರಿ ಇಂಕು ಮುಗೀತು ಕಣ್ರೀ. ಸದ್ಯ, ಟಿಕೆಟ್ ಬಂತಲ್ಲ" ಎಂದು ಜಯಮ್ಮ ನಿಟ್ಟುಸಿರು ಬಿಟ್ಟಳು. ಆ ಕರಿ ಚೌಕವನ್ನು ಕನ್ನಡಕ ಹಾಕಿಕೊಂಡು ನೋಡಿ, "ಇದು ತೋಳಿನ ಬಾರ್ಡರಿಗೆ ಚೆನ್ನಾಗಿರ್ತದೆ" ಎಂದೂ ಅಂದಳು.

ಇನ್ನು ನಡೆದದ್ದನ್ನು ಹೇಳಲು ನನಗೇ ನಾಚಿಕೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಈಗಿನ ಮೆಷಿನ್ ಇರಲಿಲ್ಲ, ಬಣ್ಣಬಣ್ಣದ ಟಿಕೆಟ್ಟಿನ ಕಟ್ಟು ಇತ್ತು. ಕೊಡುವಾಗ ಮೂಲೆಯನ್ನು ಚಿಟಕ್ಕನೆ ಒಂದಿಷ್ಟು ಹರಿದು ಕೊಡುತ್ತಿದ್ದೆವು. ಇಲ್ಲದಿದ್ದರೆ ಅದೇ ಟಿಕೆಟ್ಟಿನಲ್ಲಿ ತೆಗೆದುಕೊಂಡವನ ಭಾವಮೈದ ಮಾರನೆಯ ದಿನ ಬರುತ್ತಾನೆ. ಆ ಅಭ್ಯಾಸ ಬೆರಳಿಗೆ ಅಂಟಿಹೋಗಿದೆ. ಮದುವೆಯ ಕರೆಯೋಲೆ ಕೊಟ್ಟರೂ ನನ್ನ ಬೆರಳು ಮೂಲೆಯನ್ನೇ ಹುಡುಕುತ್ತದೆ. ಜಯಮ್ಮ ಎರಡೂ ಟಿಕೆಟ್ಟನ್ನು ನನ್ನ ಕೈಗಿಟ್ಟು, "ಸರಿಯಾಗದಾ ನೋಡಿ" ಅಂದಳು. ನೋಡಿದೆ. ಹೆಸರು ಸರಿ, ತಾರೀಖು ಸರಿ, ಊರು ಸರಿ. ಮೇಲಿದ್ದದ್ದು ನನ್ನದು. ಅದರ ಮೂಲೆಯನ್ನು ಚಿಟಕ್ಕನೆ ಹರಿದು, "ಹ್ಞೂ, ತಗೋ" ಎಂದು ಅವಳ ಕಡೆ ಚಾಚಿದೆ. ಅರ್ಧ ಕರಿ ಚೌಕ ಟಿಕೆಟ್ಟಿನಲ್ಲಿತ್ತು, ಮಿಕ್ಕರ್ಧ ನನ್ನ ಬೆರಳಿನ ಸಂದಿಯಲ್ಲಿ.

"ಅಯ್ಯೋ ನಿಮ್ ಕೈ ಸೇದೋಗ! ಏನ್ ಮಾಡುದ್ರಿ ಇದು?" ಎಂದು ಜಯಮ್ಮ ಕೂಗಿದ್ದು ಪಕ್ಕದ ಬೀದಿಗೂ ಕೇಳಿರಬೇಕು. ಮತ್ತೆ ತೆಗೆಯೋಣವೆಂದರೆ ಇಂಕಿಲ್ಲ. ಗುಟ್ಟು ಹೋದರೆ ಹೋಗಲಿ ಎಂದು ಗಾಡಿ ಹತ್ತಿ ಊರೆಲ್ಲ ಸುತ್ತಿ ಬಂದೆ. ಬೇರೆ ದಿನ ಕರೆದು ಕರೆದು ಪ್ರಿಂಟ್ ತೆಗೆದುಕೊಡುವ ಅಂಗಡಿಗಳೆಲ್ಲ ಭಾನುವಾರ ಬಾಗಿಲು ಹಾಕಿಕೊಂಡು ಮಲಗಿದ್ದವು. ವಾಪಸು ಬರುವಷ್ಟರಲ್ಲಿ ಜಯಮ್ಮ ಇಸ್ತ್ರಿಪೆಟ್ಟಿಗೆ ಕಾಯಿಸಿಕೊಂಡು ಕೂತಿದ್ದಳು. ರವಿಕೆಯ ಕುತ್ತಿಗೆ ಸೆಟೆದು ನಿಲ್ಲಲೆಂದು ಒಳಗಡೆ ಒಂದು ಕ್ಯಾನ್ವಾಸ್ ಬಟ್ಟೆ ಇಡುತ್ತಾರೆ, ಇಸ್ತ್ರಿ ಬಿಸಿ ತಾಗಿದರೆ ಅಂಟಿಕೊಳ್ಳುವಂಥದು. ಅವಳು ಹರಿದ ತುಂಡನ್ನು ಗೆರೆಗೆ ಗೆರೆ ಕೂಡಿಸಿ, ಹಿಂದುಗಡೆ ಆ ಕ್ಯಾನ್ವಾಸ್ ಇಟ್ಟು, ಉಸಿರು ಬಿಗಿಹಿಡಿದು ಇಸ್ತ್ರಿ ಒತ್ತಿದಳು. ಮುಗಿದ ಮೇಲೆ ನನ್ನ ಟಿಕೆಟ್ಟು ಮಡಚಲು ಬರದಂತೆ, ಮಂತ್ರಿಗಳ ಶರಟಿನ ಕಾಲರಿನ ಹಾಗೆ ಸೆಟೆದು ನಿಂತಿತು. "ಇನ್ಮ್ಯಾಲೆ ಇದು ನನ್ ಬ್ಯಾಗಲ್ಲಿರ್ತದೆ. ನೀವು ಕೈ ಜೇಬಲ್ಲಿ ಮಡಿಕಳಿ" ಅಂದಳು.

ಕೈ ಜೇಬಿನಲ್ಲೇ ಇಟ್ಟುಕೊಂಡು ಜರ್ಮನಿಗೆ ಹೋದೆ. ಫೋನಿನಲ್ಲೂ ಟಿಕೆಟ್ ಇತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಚಾರ್ಜರಿನ ಮೂರು ಕಡ್ಡಿ ಅಲ್ಲಿನ ಗೋಡೆಯ ಎರಡು ತೂತಿಗೆ ಕೂರಲಿಲ್ಲ. ನನ್ನದೂ ಅವಳದೂ ಎರಡೂ ಫೋನು ವಿಮಾನ ನಿಲ್ದಾಣದಲ್ಲೇ ಕಣ್ಣು ಮುಚ್ಚಿದವು. ರೈಲು ಹತ್ತಿ ಕೂತೆವು. ನಮ್ಮ ಮದುವೆಮನೆಗಳೂ ಅಷ್ಟು ಚೊಕ್ಕಟ ಇರುವುದಿಲ್ಲ. ಹೊರಗೆ ಏನೇನೋ ಹೊಳೆ, ಗುಡ್ಡ, ಹಸುಗಳು ಹೋದವಂತೆ, ನಾನು ನೋಡಲಿಲ್ಲ. ನನ್ನ ಕಣ್ಣೆಲ್ಲ ಬಾಗಿಲ ಕಡೆಗೇ. ಟಿಕೆಟ್ ಇಲ್ಲದವನು ಹೇಗೆ ಕೂರುತ್ತಾನೆ, ನಿದ್ದೆ ಬಂದವನಂತೆ ಹೇಗೆ ನಟಿಸುತ್ತಾನೆ, ಚೆಕಿಂಗಿನವರು ಬಂದರೆ ಬಾಯಿ ಹೇಗೆ ಒಣಗುತ್ತದೆ ಎಂಬುದನ್ನೆಲ್ಲ ನಾನು ನಿಂತುಕೊಂಡು ನೋಡಿದವನೇ ಹೊರತು ಕೂತು ಅನುಭವಿಸಿದವನಲ್ಲ. ಅವತ್ತು ಅದೂ ಆಯಿತು. ಜಯಮ್ಮ ಚೀಲವನ್ನು ಎದೆಗವಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಲಗೇಜ್ ಟಿಕೆಟ್ ಹರಿಸಿಕೊಂಡ ಆ ದೇವರನ್ನು ಬಿಟ್ಟು ಬೇರೆ ಯಾವುದನ್ನಾದರೂ ಬೇಡಿಕೋ ಎಂದು ಹೇಳೋಣ ಅನ್ನಿಸಿತು.

ಬಂದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ನೀಲಿ ಕೋಟು, ಕೈಯಲ್ಲೊಂದು ಪುಟ್ಟ ಯಂತ್ರ. ಜಯಮ್ಮನ ಟಿಕೆಟ್ಟಿಗೆ ಹಿಡಿದಳು, ಕುಯ್ಯಿ ಎಂದು ಹಸಿರು ದೀಪ. ನನ್ನದಕ್ಕೆ ಹಿಡಿದಳು, ಕೆಂಪು. ಓರೆಯಾಗಿ ಹಿಡಿದಳು, ಕೆಂಪು. ಹಿಂದೆ ತಿರುಗಿಸಿ ಕ್ಯಾನ್ವಾಸನ್ನು ಸವರಿ ನೋಡಿದಳು. ಏಕೆ ಹೀಗೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಇಂಗ್ಲಿಷು "ಮೂವ್ ಬ್ಯಾಕ್" ಮತ್ತು "ನೋ ಚೇಂಜ್" ಎಂಬ ಎರಡು ಸ್ಟೇಜಿಗೆ ಮುಗಿಯುತ್ತದೆ. ಆದರೂ ಎದ್ದು ನಿಂತು ಕೈ ಮುಗಿದು, "ಮ್ಯಾಡಂ, ಮ್ಯಾರೇಜ್ ಮ್ಯಾಡಂ. ಟುಮಾರೋ. ಡಾಟರ್ ಮ್ಯಾರೇಜ್. ಪ್ಲೀಸ್ ಮ್ಯಾಡಂ" ಅಂದೆ. ನನ್ನ ಮಗಳಲ್ಲ ಎಂಬುದು ಬಾಯಿಂದ ಬಂದ ಮೇಲೆ ನೆನಪಾಯಿತು. ಜಯಮ್ಮ ತಿದ್ದಲಿಲ್ಲ. ತಾನೂ ಎದ್ದು ಗಾಳಿಯಲ್ಲೇ ಜಡೆ ಹೆಣೆದು ತೋರಿಸಿದಳು.

ಆ ಹುಡುಗಿಗೆ ಏನು ಅರ್ಥವಾಯಿತೋ, ನಕ್ಕಳು. ಪಾಸ್‌ಪೋರ್ಟ್ ಇಸಿದುಕೊಂಡು ನನ್ನ ಹೆಸರನ್ನು ಯಂತ್ರಕ್ಕೆ ಒತ್ತಿದಳು. ಹಸಿರು ದೀಪ ಹತ್ತಿತು. ಹೆಸರೇ ಅದರಲ್ಲಿದೆ, ಪರವಾಗಿಲ್ಲ, ಮದುವೆಗೆ ಶುಭವಾಗಲಿ ಎಂದು ಕೈಕುಲುಕಿ ಮುಂದಿನ ಸೀಟಿಗೆ ಹೋದಳು. ಟಿಕೆಟ್ಟನ್ನು ಎಲ್ಲೂ ಹರಿಯಲಿಲ್ಲ. ನಾವಿಬ್ಬರೂ ಕೂತೆವು. ಜಯಮ್ಮನ ಕಣ್ಣಲ್ಲಿ ನೀರು ಬಂದಿತ್ತು, ನನ್ನದರಲ್ಲೂ ಬಂದಿತ್ತು, ಒಪ್ಪಿಕೊಳ್ಳುತ್ತೇನೆ.

ರೈಲು ಒಂದು ಸುರಂಗ ಹೊಕ್ಕು ಹೊರಬಂದ ಮೇಲೆ ಜಯಮ್ಮ ಸೆರಗು ಸರಿಮಾಡಿಕೊಂಡು, "ಅಲ್ಲಾ ಕಣ್ರೀ, ಆ ಹುಡ್ಗಿ ಜಾಗ್ದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?" ಅಂದಳು.

ಹೆಂಡತಿಗೆ ಸುಳ್ಳು ಹೇಳಿ ನನಗೆ ಚೆನ್ನಾಗಿ ಅಭ್ಯಾಸವಿದೆ, ಆದರೆ ಟಿಕೆಟ್ಟಿನ ವಿಷಯದಲ್ಲಿ ಇಲ್ಲ.

"ಇಳಿಸ್ತಿದ್ದೆ" ಅಂದೆ.

"ಮದ್ವೆ ಅಂತ ಕೈ ಮುಗುದ್ರೂವಾ?"

"ಎಲ್ರೂ ಮದ್ವೆ ಅಂತ್ಲೇ ಕಣೆ ಯೋಳೋದು."