ನನ್ನ ಪಿಎಚ್‌ಡಿ ಮತ್ತು ಬಾಕಿ ಉಳಿದ ಒಂದು ಒಡಪು

ಪಿಎಚ್‌ಡಿ ಮಾಡುವುದು ಕಷ್ಟದ ಕೆಲಸವೇನಲ್ಲ ಎಂದು ನಾನು ತಿಳಿದಿದ್ದೆ. ನೌಕರಿ ಮಾಡುತ್ತ ಮಾಡುವುದಂತೂ ಇನ್ನೂ ಸುಲಭ ಎಂದುಕೊಂಡಿದ್ದೆ. ಹಗಲು ನೌಕರಿ, ಸಂಜೆ ಸಂಶೋಧನೆ, ನಡುವೆ ಚಹಾ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ಕೆಡುವುದಕ್ಕೆ ತಲೆ ಇದ್ದರಲ್ಲವೇ!

ನಾನು ಗೋಕಾಕದ ಒಂದು ಕಚೇರಿಯಲ್ಲಿ ಗುಮಾಸ್ತ. ಕಾಲುವೆಗೆ ನೀರು ಬಿಡುವ ಮೊದಲು ರೈತರಿಗೆ ಪ್ರಕಟಣೆ ಬರೆಯುವುದು ನನ್ನ ಕೆಲಸ. ಕಚೇರಿಯ ಹೆಸರು ಹೇಳುವುದಿಲ್ಲ. ಹೇಳಲೇಬೇಕೆಂದರೆ ಒಡಪು ಹಾಕಿ ಹೇಳಬೇಕಾದೀತು.

ಈ ಒಡಪೇ ನನ್ನ ಪಿಎಚ್‌ಡಿಗೆ ಮೂಲ. ಒಂದು ದಿನ ಹೆಣ್ಣುಮಗಳೊಬ್ಬಳು ಗಂಡನ ಪರವಾಗಿ ಅರ್ಜಿ ತಂದಿದ್ದಳು. ಅರ್ಜಿಯಲ್ಲಿ ಎಲ್ಲವೂ ಇತ್ತು, ಗಂಡನ ಹೆಸರೊಂದು ಬಿಟ್ಟು.

"ಯಜಮಾನರ ಹೆಸರೇನ್ರಿ?" ಎಂದೆ.

"ಅಯ್ಯ, ಅದನ್ನ ಹೆಂಗ ಹೇಳ್ಲಿರಿ ಸಾಹೇಬ್ರ?" ಎಂದು ಸೆರಗು ಬಾಯಿಗೆ ಹಿಡಿದಳು.

"ಹೆಸರಿಲ್ಲದ ಅರ್ಜಿ ತಗೊಳ್ಳಾಕ ಬರೂದಿಲ್ರಿ ಅಕ್ಕಾರ."

ಪಾಳಿಯಲ್ಲಿ ಅವಳ ಹಿಂದೆ ನಿಂತಿದ್ದ ಮುದುಕಿ, "ಒಡಪ ಹಾಕಿ ಹೇಳ ಬೇ! ನಮಗ ಹೊತ್ತಾಗೇತಿ," ಎಂದಳು. ಆಕೆ ಕತ್ತು ನೆಟ್ಟಗೆ ಮಾಡಿ ಹೇಳಿಯೇಬಿಟ್ಟಳು:

"ಕಾಲಿವಿ ದಂಡಿ ಮ್ಯಾಲ ಬೆಳದೈತಿ ಕಬ್ಬ,
ಮಲ್ಲಪ್ಪನ ಜೋಡಿ ಇದ್ದರ ದಿನಾ ಹಬ್ಬ!"

ಪಾಳಿಗೆ ಪಾಳಿಯೇ ಭಲೇ ಎಂದಿತು. ನಾನು ಅರ್ಜಿ ತೆಗೆದುಕೊಂಡೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿಬಾಯಿಂದ ಹೇಳುವುದಿಲ್ಲ. ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಕೂರಿಸಿ ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯ ದಿನ ಮನೆಯ ಹೊಸ್ತಿಲಲ್ಲಿ ಗಂಡಸಿಗೂ ಈ ಶಿಕ್ಷೆ ತಪ್ಪಿದ್ದಲ್ಲ. ಹೆಂಡತಿಯ ಹೆಸರಿಗೆ ಒಡಪು ಹೇಳದಿದ್ದರೆ ಅಕ್ಕತಂಗಿಯರು ಒಳಗೆ ಬಿಡುವುದಿಲ್ಲ.

ಕುತೂಹಲ ಎಂಬುದು ನನಗೆ ಹುಟ್ಟಿನಿಂದ ಅಂಟಿದ ಜಡ್ಡು. ಅಂದು ಊಟ ಸೇರಲಿಲ್ಲ. ಗಂಡನ ಮೇಲೆ ಓಣಿ ಕೇಳುವಂತೆ ಕೂಗಾಡುವವಳು ಅವನ ಹೆಸರಿಗೆ ಮಾತ್ರ ಯಾಕೆ ನಾಚುತ್ತಾಳೆ? ಪ್ರಾಸಕ್ಕೆ ಒಗ್ಗದ ಹೆಸರಿನ ಗಂಡ ಸಿಕ್ಕರೆ ಅವಳ ಗತಿಯೇನು? ಒಂದೇ ಓಣಿಯಲ್ಲಿ ಇಬ್ಬರು ಮಲ್ಲಪ್ಪಂದಿರಿದ್ದರೆ ಒಂದೇ ಒಡಪು ಇಬ್ಬರಿಗೂ ನಡೆಯುತ್ತದೆಯೇ? ಇದರಲ್ಲೊಂದು ಪಿಎಚ್‌ಡಿ ಇದೆ ಎಂದು ನನ್ನ ಅಂತರಾತ್ಮ ನುಡಿಯಿತು. ಅಂತರಾತ್ಮಕ್ಕೇನು, ಟೈಪ್ ಮಾಡುವುದು ಅದಲ್ಲವಲ್ಲ!

ನನ್ನ ಮಾರ್ಗದರ್ಶಕರಾಗಲು ಒಪ್ಪಿದ ಪುಣ್ಯಾತ್ಮರು ದೇಸಾಯಿ ಸರ್. ಮೊದಲ ದಿನವೇ ಬೆರಳೆತ್ತಿ ಹೇಳಿದರು: "ವಿಷಯ ಛಲೋ ಐತಿ. ಆದ್ರ ಒಂದ ಮಾತ. ಯಾರ ಹೇಳಿದ್ರು ಅನ್ನೂದು ಅಡಿಟಿಪ್ಪಣಿಯೊಳಗ ಬರಾಕಬೇಕು. ಅಡಿಟಿಪ್ಪಣಿ ಇಲ್ಲದ ಒಡಪು ಕಳವಿನ ಮಾಲು!"

ಮನೆಗೆ ಬಂದು ಈ ಮಾತನ್ನು ನಮ್ಮ ಮನೆಯಾಕೆಗೆ ಬಹಳ ಗಂಭೀರವಾಗಿ ವಿವರಿಸಿದೆ. ಅವಳು ಅದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾಳೆ ಎಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅವಳ ಹೆಸರೇನು ಎಂದಿರಾ? ಬರುತ್ತದೆ. ಬರಬೇಕಾದ ಜಾಗದಲ್ಲಿ ಬರಲಿಲ್ಲ ಎನ್ನುವುದೇ ಈ ಕಥೆ.

ಭಾನುವಾರಗಳಂದು ನನ್ನ ಕ್ಷೇತ್ರಕಾರ್ಯ ಆರಂಭವಾಯಿತು. ಮೊದಲು ಹೋದದ್ದು ಮೂಡಲಗಿ ಕಡೆಯ ಒಂದು ಹಳ್ಳಿಗೆ. ಅಲ್ಲಿ ಕುರಿ ಕಾಯುವ ಮನೆತನದ ಲಕ್ಕವ್ವಜ್ಜಿಗೆ ಒಡಪು ಬಹಳ ಬರುತ್ತವೆ ಎಂದು ಕೇಳಿದ್ದೆ. ಆಕೆ ಕುರಿಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೇಳತೇನಪಾ. ಮೊದಲ ನಿನ್ನ ಹೇಂತಿ ಹೆಸರ ಹೇಳು. ಒಡಪ ಹಾಕಿ ಹೇಳು."

ನಾನು ಗಂಟಲು ಸರಿಮಾಡಿಕೊಂಡೆ. "ಹಂಗ ಬರೂದಿಲ್ಲಬೇ ಅಜ್ಜಿ. ಸಂಶೋಧಕ ತಟಸ್ಥ ಇರಬೇಕು."

"ತಟಸ್ಥ ಅಂದ್ರ?"

"ಅಂದ್ರ... ದಂಡಿ ಮ್ಯಾಲ ನಿಂತವ."

"ದಂಡಿ ಮ್ಯಾಲ ನಿಂತವಗ ಹೊಳ್ಯಾಗಿನ ಮೀನ ಹೆಂಗ ಸಿಗತಾವೋ?" ಎಂದಳು ಅಜ್ಜಿ. ಕುರಿಮರಿಯೂ ಬ್ಯಾ ಎಂದಿತು. ಕೊನೆಗೆ ನನ್ನ ಮೇಲೆ ಕನಿಕರ ಹುಟ್ಟಿ ಹೇಳಿದಳು:

"ಎಮ್ಮಿ ಈದ ಮನ್ಯಾಗ ಕಾಸ್ಯಾರ ಗಿಣ್ಣ,
ಸಿದ್ದಪ್ಪನ ಹೆಸರ ಹೇಳತೇನಿ, ಮುಚ್ಚರಿ ಕಣ್ಣ!"

ಸಿದ್ದಪ್ಪಜ್ಜ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ಅವನೊಬ್ಬನೇ ಕಣ್ಣು ಮುಚ್ಚಿದ್ದು!

ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿ ಕಥೆ ಬೇರೆಯಾಯಿತು. ಊರ ಬಾಜೂದಲ್ಲೇ ಹೆದ್ದಾರಿ. ಕೈಚೀಲ ಹಿಡಿದ ಗುಮಾಸ್ತನೊಬ್ಬ ಮನೆಮನೆಗೆ ಹೋಗಿ ಯಜಮಾನರ ಹೆಸರು ಕೇಳುತ್ತಿದ್ದಾನೆ ಎಂದರೆ ಏನರ್ಥ? ರಸ್ತೆ ಅಗಲ ಮಾಡುವವರು ಬಂದರು ಎಂದು ಅರ್ಥ! ನಾನು ಎರಡನೆಯ ಮನೆಯ ಚಹಾ ಮುಗಿಸುವಷ್ಟರಲ್ಲಿ ಊರಿನ ಗಂಡಸರೆಲ್ಲ ಹೊಲದ ಉತಾರದ ಕಾಗದ ಹಿಡಿದುಕೊಂಡು ಮುತ್ತಿಬಿಟ್ಟರು.

"ನಮ್ಮ ಹೊಲ ಎಷ್ಟ ಹೋಗತೈತ್ರಿ?"

"ಹೊಲ ಅಲ್ರೀ, ನಾ ಬಂದದ್ದು ಒಡಪಿಗೆ."

"ಒಡಪಿಗೂ ಜಾಗಾ ಬೇಕೇನ್ರಿ? ಎಷ್ಟ ಗುಂಟೆ?"

ಅಂದು ಒಂದೇ ಒಂದು ಒಡಪೂ ಸಿಗಲಿಲ್ಲ. ಯಾರ ಹೊಲಕ್ಕೆ ಯಾರ ಬದು ತಾಗಿದೆ ಎಂಬ ಬಗ್ಗೆ ಮಾತ್ರ ಇನ್ನೊಂದು ಪಿಎಚ್‌ಡಿಗೆ ಆಗುವಷ್ಟು ಸಾಮಗ್ರಿ ಸಿಕ್ಕಿತು.

ಹೀಗೆ ವರ್ಷಗಳು ಉರುಳಿದವು. ಎಲ್ಲಿ ಹೋದರೂ ಹೆಂಗಸರು "ಮೊದಲ ನಿಮ್ಮಾಕಿ ಹೆಸರ ಹೇಳ್ರಿ" ಎನ್ನುತ್ತಿದ್ದರು, ನಾನು ತಟಸ್ಥನಾಗುತ್ತಿದ್ದೆ. ವಿಶ್ವವಿದ್ಯಾಲಯದಿಂದ ಕೊನೆಯ ಎಚ್ಚರಿಕೆ ಬಂದಾಗ ಅರ್ಧ ಪ್ರಬಂಧವೂ ಆಗಿರಲಿಲ್ಲ. ಆಮೇಲೆ ನನ್ನ ತಲೆ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಕ್ಷೌರದವನು "ಎಷ್ಟ ತೆಗೀಲ್ರಿ?" ಎಂದರೆ "ಎರಡು ಅಧ್ಯಾಯ" ಎಂದೆ. ಊಟದ ಡಬ್ಬಿಯನ್ನು ಕಡತಗಳ ಕಪಾಟಿನಲ್ಲಿಟ್ಟು, ಮನೆಯಿಂದ ಡಬ್ಬಿ ಬಂದಿಲ್ಲವೆಂದು ಹೆಂಡತಿಗೆ ಫೋನ್ ಮಾಡಿ ಜಗಳ ಕಾಯ್ದೆ. ವಾಸನೆ ಬಂದಾಗ ಸತ್ಯ ಗೊತ್ತಾಯಿತು.

ದೊಡ್ಡ ಅನಾಹುತ ನಡೆದದ್ದು ಕಚೇರಿಯ ಕಂಪ್ಯೂಟರಿನಲ್ಲಿ. ಸಾಹೇಬರ ಕಣ್ಣು ತಪ್ಪಿಸಿ ಒಂದು ಕಡೆ ಪ್ರಬಂಧ, ಇನ್ನೊಂದು ಕಡೆ ಪ್ರಕಟಣೆ ತೆರೆದುಕೊಂಡಿರುತ್ತಿದ್ದೆ. ಇಲ್ಲಿಂದ ಕತ್ತರಿಸಿ ಅಲ್ಲಿ ಅಂಟಿಸುವುದರಲ್ಲಿ ಎಲ್ಲೋ ಕೈ ತಪ್ಪಿತು. ಸಾಹೇಬರು ಎಂದಿನಂತೆ ಓದದೆ ಸಹಿ ಮಾಡಿದರು. ಪಂಚಾಯಿತಿಗಳ ಗೋಡೆಗೆ ಪ್ರಕಟಣೆ ಬಿತ್ತು: "ರೈತ ಬಾಂಧವರ ಗಮನಕ್ಕೆ. ಎಡದಂಡೆ ಕಾಲುವೆಗೆ ನೀರು ಬಿಡಲಾಗುವುದು. ಕಾಲಿವಿ ದಂಡಿ ಮ್ಯಾಲ ಬೆಳದೈತಿ ಕಬ್ಬ, ಮಲ್ಲಪ್ಪನ ಜೋಡಿ ಇದ್ದರ ದಿನಾ ಹಬ್ಬ. ತಪ್ಪಿದಲ್ಲಿ ಕಾನೂನು ಕ್ರಮ ಕೈಗೊಳ್ಳಲಾಗುವುದು."

ಇಷ್ಟೇ ಆಗಿದ್ದರೆ ಹೇಗೋ ಮುಚ್ಚಿಹೋಗುತ್ತಿತ್ತು. ನಮ್ಮ ಸಾಹೇಬರ ಹೆಸರೂ ಮಲ್ಲಪ್ಪ!

ಬೆಳಗಿನಿಂದ ಅವರ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. "ಸಾಹೇಬ್ರ, ಹಬ್ಬಕ್ಕ ಯಾವಾಗ ಬರೂಣ್ರಿ?" ಎಂದು ಒಬ್ಬ. "ಬರದಿದ್ರ ಕೇಸ್ ಹಾಕತೀರಿ ಏನ್ರಿ?" ಎಂದು ಇನ್ನೊಬ್ಬ. ಸಾಹೇಬರು ನನ್ನನ್ನು ಕರೆಸಿದರು.

"ಏನ್ರಿ ಈರಪ್ಪ, ನನ್ನ ಜೋಡಿ ಇದ್ದರ ದಿನಾ ಹಬ್ಬ ಅಂತ ನಾ ಯಾವಾಗ ಹೇಳಿದ್ನಿ?"

"ಅದು ನೀವಲ್ರಿ ಸರ್. ಬ್ಯಾರೆ ಮಲ್ಲಪ್ಪ."

"ಕೆಳಗ ಸಹಿ ನಂದೈತಲ್ರಿ!"

ಅಷ್ಟರಲ್ಲಿ ನನ್ನ ಫೋನೂ ಬಡಿದುಕೊಂಡಿತು. ಆ ಕಡೆ ದೇಸಾಯಿ ಸರ್. "ಏನಪಾ, ಮೂರನೇ ಅಧ್ಯಾಯದ ಕಡೀಕ 'ಅನಧಿಕೃತವಾಗಿ ಪಂಪ್‌ಸೆಟ್ ಅಳವಡಿಸಿದವರ ವಿರುದ್ಧ ಕ್ರಮ ಜರುಗಿಸಲಾಗುವುದು' ಅಂತ ಐತಿ. ಇದು ಯಾವ ಊರಿನ ಒಡಪು? ಅಡಿಟಿಪ್ಪಣಿ ಎಲ್ಲೈತಿ?"

ಆ ಸಂಜೆ ಮನೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತೆ. ಹೆಂಡತಿ ಚಹಾ ತಂದಿಟ್ಟಳು. ನಾನು ಊರೂರು ತಿರುಗುವಾಗ ಮನೆಯ ಭಾರವನ್ನೆಲ್ಲ ಹೊತ್ತವಳು ಅವಳು. ಪ್ರಬಂಧದ ಕಾಗುಣಿತ ತಿದ್ದಿದವಳೂ ಅವಳೇ.

"ಏನ್ರಿ, ಇದು ಮುಗದ ಮ್ಯಾಲ ನನಗೇನ ಕೊಡಸ್ತೀರಿ?"

"ಇಳಕಲ್ ಸೀರಿ," ಎಂದೆ ಉದಾರವಾಗಿ.

"ಸೀರಿ ಬ್ಯಾಡ. ನಂದೊಂದು ಒಡಪ ಬಾಕಿ ಐತಿ. ಅಷ್ಟ ಹೇಳ್ರಿ, ಸಾಕು."

ಮದುವೆಯ ದಿನದ ಮಾತು ಅದು. ಹೊಸ್ತಿಲಲ್ಲಿ ಅವಳು ನನ್ನ ಹೆಸರಿಗೆ ಚೆಂದದ ಒಡಪು ಹೇಳಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಎಮ್ಮೆ ಹಗ್ಗ ಹರಿದುಕೊಂಡು ಊಟದ ಚಪ್ಪರಕ್ಕೆ ನುಗ್ಗಿತ್ತು. ಎಲ್ಲರೂ ಅದರ ಹಿಂದೆ ಓಡಿದರು. ನನ್ನ ಸರದಿ ಹಾರಿಹೋಯಿತು, ಆಮೇಲೆ ಯಾರೂ ಕೇಳಲಿಲ್ಲ. ಅವಳು ನಗುತ್ತಲೇ ಇದನ್ನು ಹೇಳಿದಳು. ಮೂರು ತಾಲ್ಲೂಕಿನ ಒಡಪು ಕೂಡಿಹಾಕಿದ ಮಹಾನುಭಾವ ನಾನು, ಮನೆಯಾಕೆಯ ಹೆಸರಿಗೆ ಒಂದನ್ನೂ ಕಟ್ಟಿರಲಿಲ್ಲ. ಮೌಖಿಕ ಪರೀಕ್ಷೆಯ ದಿನವೇ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಡಿಗ್ರಿ ಹೋದರೂ ಹೋಗಲಿ, ಈ ಒಡಪು ತಪ್ಪಬಾರದು ಎಂದು ನಿಶ್ಚಯಿಸಿದೆ. ಕೂತಲ್ಲಿ ನಿಂತಲ್ಲಿ ಯೋಚಿಸಿ, ಬರೆದು, ಹರಿದು, ಕೊನೆಗೆ ಒಂದು ರತ್ನ ಸಿದ್ಧವಾಯಿತು:

"ಡಬ್ಬ್ಯಾಗ ಐತಿ ಗೋಕಾಕ ಕರದಂಟ,
ಕಸ್ತೂರಿದೂ ನಂದೂ ಏಳು ಜನ್ಮದ ಗಂಟ!"

ಹೌದು, ಕಸ್ತೂರಿ ನನ್ನ ಹೆಂಡತಿಯ ಹೆಸರು.

ಅಂತೂ ಇಂತೂ ಪ್ರಬಂಧವನ್ನೂ ಮುಗಿಸಿ ಒಪ್ಪಿಸಿದೆ. ಮೌಖಿಕ ಪರೀಕ್ಷೆಯ ದಿನ ಬಸ್ಸಿನುದ್ದಕ್ಕೂ ಎರಡನ್ನು ಬಾಯಿಪಾಠ ಮಾಡಿದೆ. ಒಂದು ಈ ಒಡಪು. ಇನ್ನೊಂದು "ಪೂಜ್ಯ ದೇಸಾಯಿ ಸರ್ ಅವರ ಮಾರ್ಗದರ್ಶನದಲ್ಲಿ" ಎಂದು ಶುರುವಾಗುವ ಕೃತಜ್ಞತೆ. ಕಸ್ತೂರಿ ಕರದಂಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು.

ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕ ಮೇಡಂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ದೇಸಾಯಿ ಸರ್ ಮುಖ ಅರಳಿತ್ತು. ಕೊನೆಗೆ ಮೇಡಂ ಕನ್ನಡಕ ತೆಗೆದು, "ಇಷ್ಟು ಊರು ತಿರುಗಿದ್ದೀರಿ. ನಿಮ್ಮ ಶ್ರೀಮತಿಯವರೂ ಬಂದಿದ್ದಾರಂತೆ. ಅವರ ಹೆಸರಿಗೊಂದು ಒಡಪು ಹೇಳಿ ಮುಗಿಸಿಬಿಡಿ," ಎಂದರು.

ನನ್ನ ಎದೆ ಉಬ್ಬಿತು. ಹಿಂದಿನ ಸಾಲಿನಲ್ಲಿ ಕಸ್ತೂರಿ ನೆಟ್ಟಗೆ ಕೂತಳು. ನಾನು ಅಂಗಿ ಸರಿಮಾಡಿಕೊಂಡು, ಸಭಾಗೃಹ ಗುಡುಗುವಂತೆ ಹೇಳಿದೆ:

"ಡಬ್ಬ್ಯಾಗ ಐತಿ ಗೋಕಾಕ ಕರದಂಟ,
ದೇಸಾಯಿ ಸರ್‌ದೂ ನಂದೂ ಏಳು ಜನ್ಮದ ಗಂಟ!"

ಇಡೀ ಸಭೆ ನಕ್ಕಿತು. ದೇಸಾಯಿ ಸರ್ ಗಾಬರಿಯಿಂದ ಎದ್ದು ನಿಂತರು. "ಏಳು ಜನ್ಮ ಬ್ಯಾಡಪಾ! ಈ ಜನ್ಮಕ್ಕ ಸಾಕಾಗೇತಿ. ಎಲ್ಲಿ ಸಹಿ ಬೇಕು ಹೇಳು, ಈಗ ಮಾಡಿಬಿಡತೇನಿ!"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದಿನ ಸಾಲಿನತ್ತ ನೋಡುವ ಧೈರ್ಯವಿರಲಿಲ್ಲ. ಮೇಡಂ ನಗು ತಡೆದುಕೊಳ್ಳುತ್ತ, "ಶ್ರೀಮತಿಯವರು ಇದಕ್ಕೆ ಏನನ್ನುತ್ತಾರೆ?" ಎಂದರು. ಕಸ್ತೂರಿ ಎದ್ದಳು. ಸೆರಗು ಹೊದ್ದುಕೊಂಡು, ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಹೇಳಿದಳು:

"ಊರ ಮಂದಿ ಹೆಸರ ಕೂಡಿಸಿ ಮಾಡ್ಯಾರ ಪಿಎಚ್‌ಡಿ,
ಈರಪ್ಪಗ ಡಿಗ್ರಿ ಕೊಡ್ರಿ, ದೇಸಾಯಿ ಸರ್ ಮಾರಿ ನೋಡಿ!"

ಚಪ್ಪಾಳೆ ನಿಲ್ಲಲೇ ಇಲ್ಲ. ಮೇಡಂ ಡಿಗ್ರಿಗೆ ಶಿಫಾರಸು ಮಾಡಿದರು. ನನ್ನ ಪ್ರಬಂಧ ನೋಡಿಯೋ, ದೇಸಾಯಿ ಸರ್ ಮಾರಿ ನೋಡಿಯೋ, ಈವರೆಗೆ ತಿಳಿದಿಲ್ಲ.

ಮರಳುವಾಗ ಬಸ್ಸಿನಲ್ಲಿ ಕಸ್ತೂರಿ ಕಿಟಕಿಯ ಕಡೆ ಮುಖ ಮಾಡಿದ್ದಳು. ಮನೆ ತಲುಪಿದಾಗ ಬೀಗ ತೆಗೆದು ತಾನು ಒಳಗೆ ಹೋದಳು. ಹೊಸ್ತಿಲಿಗೆ ಅಡ್ಡಲಾಗಿ ನಿಂತು ನನ್ನನ್ನು ತಡೆದಳು.

"ಒಡಪ ಹೇಳಿ ಒಳಗ ಬರ್ರಿ ಡಾಕ್ಟರ ಸಾಹೇಬ್ರ."

"ಡಬ್ಬ್ಯಾಗ ಐತಿ ಗೋಕಾಕ ಕರದಂಟ, ಕಸ್ತೂರಿದೂ..."

"ಅದು ಸರ್‌ಗ ಹೇಳಿ ಆಗೇತಿ. ಅವರಿಗೆ ಕೊಟ್ಟದ್ದು ನನಗ ಬ್ಯಾಡ. ಹೊಸಾದು ಹೇಳ್ರಿ."

ನಾನು ತಲೆ ಕೆರೆದುಕೊಂಡೆ. ಇಷ್ಟು ದಪ್ಪದ ಪ್ರಬಂಧ ಬರೆದ ತಲೆಯಲ್ಲಿ ಎರಡು ಸಾಲು ಸಿಗಲಿಲ್ಲ. ಓಣಿಯ ಮಂದಿ ನಿಂತು ನೋಡತೊಡಗಿದರು. ಆಗ ಬಾಜೂ ಮನೆಯ ಸುಶೀಲಾ ಕಾಕೂ ಗೋಡೆಯ ಮೇಲಿಂದ ಬಗ್ಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಾನು ಕೂಗಿಯೇಬಿಟ್ಟೆ:

"ಹಿತ್ತಲ ಬಾಗಲದಾಗ ಕಟ್ಟೇನಿ ಆಡ,
ಕಸ್ತೂರಿ ಒಳಗ ಕರದ್ರ ಮತ್ತೇನೂ ಬ್ಯಾಡ!"

ಕಸ್ತೂರಿಯ ಮುಖ ಕೆಂಪಾಯಿತು. ತುಟಿ ಕಚ್ಚಿ ನಗು ತಡೆದಳು. ಆದರೆ ಹೊಸ್ತಿಲು ಬಿಡಲಿಲ್ಲ.

"ಛಲೋ ಐತಿ. ಅಡಿಟಿಪ್ಪಣಿ?"

"ಏನು?"

"ಯಾರ ಹೇಳಿದ್ರು ಅನ್ನೂದು ಬರಾಕಬೇಕಲ್ರಿ. ಇಲ್ಲಾಂದ್ರ ಕಳವಿನ ಮಾಲು!"

ನಾನು ಕೈಮುಗಿದು, ಓಣಿಗೆಲ್ಲ ಕೇಳುವಂತೆ, "ಹೇಳಿದವರು ಸುಶೀಲಾ ಕಾಕೂ, ಬಾಜೂ ಮನಿ, ಗೋಕಾಕ" ಎಂದೆ. ಆಗ ಕಸ್ತೂರಿ ಪಕ್ಕಕ್ಕೆ ಸರಿದಳು. ಒಡಪಿನಲ್ಲಿ ಡಾಕ್ಟರೇಟ್ ಪಡೆದ ನಾನು, ಕಡ ತಂದ ಒಡಪಿನಿಂದ ನನ್ನ ಮನೆಯೊಳಗೆ ಹೋದೆ!