ಬೀರು ಹಿಂದಿನ ಸೊಪ್ಪಿ

ಬೆಕ್ಕು ನನ್ನನ್ನು ಪರಚಬಹುದಿತ್ತು. ಪರಚಿದ ಗಾಯ ಕೀವಾಗಿ, ಕೈ ಊದಿ, ನನ್ನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕಾಗಬಹುದಿತ್ತು. ಬೀರು ಹಿಂದೆ ಸಿಕ್ಕಿಕೊಂಡ ಬೆಕ್ಕನ್ನು ಬಿಡಿಸಲು ಹೋಗಿ ನಮ್ಮ ಯಜಮಾನರ ಸೊಂಟ ಹಿಡಿದುಕೊಳ್ಳಬಹುದಿತ್ತು. ಬೆಕ್ಕು ಕಿಟಕಿಯಿಂದ ಹಾರಿ ಮಡಿಕೇರಿ ಬಸ್ಸಿನ ಚಕ್ರಕ್ಕೆ ಸಿಗಬಹುದಿತ್ತು. ಚಕ್ರಕ್ಕೆ ಸಿಗದೆ ಬಸ್ಸೇ ಹತ್ತಿ ಮಡಿಕೇರಿ ಸೇರಿಬಿಡಬಹುದಿತ್ತು. ಗಿರಾಕಿಗಳ ರೇಷ್ಮೆ ರವಿಕೆ ಬಟ್ಟೆಯ ಮೇಲೆ ಮರಿ ಹಾಕಬಹುದಿತ್ತು. ಏನೂ ತಿನ್ನದೆ ಸತ್ತೇ ಹೋಗಬಹುದಿತ್ತು. ನಮ್ಮ ಕೈಯಲ್ಲಿ ಬೆಕ್ಕು ಸತ್ತರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ನಮ್ಮಜ್ಜಿ ಹೇಳುತ್ತಿದ್ದರು. ಈಗಿನ ಚಿನ್ನದ ರೇಟಿನಲ್ಲಿ ಮೀಸೆ ಮಾಡಿಸುವುದೂ ಕಷ್ಟ!

ಇಷ್ಟನ್ನೂ ನಾನು ಬೆಕ್ಕು ಮನೆಗೆ ಬರುವ ಮೊದಲೇ, ಲೋಟದ ಕಾಫಿ ಆರುವುದರೊಳಗೆ ಯೋಚಿಸಿ ಮುಗಿಸಿದ್ದೆ. ಆತಂಕಪಡುವುದರಲ್ಲಿ ನನ್ನದು ಐವತ್ತು ವರ್ಷಗಳ ಸುದೀರ್ಘ ಸೇವೆ. ಇಷ್ಟೊಂದು ಮುಂದಾಲೋಚನೆಯಿರುವವಳ ಮನೆಯಲ್ಲಿ ಎಡವಟ್ಟಾಗಲು ಇನ್ನೇನು ತಾನೇ ಉಳಿದಿದೆ? ಆ ಧೈರ್ಯದ ಮೇಲೆಯೇ ನಾನು ಒಪ್ಪಿಕೊಂಡದ್ದು.

ಬೆಕ್ಕು ಇದ್ದದ್ದು ಹುಣಸೂರಿನ ಪಕ್ಕದ ಹಳ್ಳಿಯಲ್ಲಿರುವ ನಮ್ಮ ಭಾವನವರ ಬ್ಯಾರನ್‌ನಲ್ಲಿ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಸಾಲಾಗಿ ನೇತುಹಾಕಿ, ಕೆಳಗಿನಿಂದ ಬೆಂಕಿಯ ಕಾವು ಕೊಟ್ಟು ಹದ ಮಾಡುವ ಎತ್ತರದ ಕೋಣೆ. ಬೇಸಿಗೆಯೆಲ್ಲ ಖಾಲಿ ಬಿದ್ದಿರುತ್ತದೆ. ಬಾಡಿಗೆಯಿಲ್ಲದ ಮನೆ ಸಿಕ್ಕಿತೆಂದು ಬೆಕ್ಕು ಸೇರಿಕೊಂಡಿತ್ತು. ಆಷಾಢ ಬಂತು, ಬೆಂಕಿ ಹಾಕುವ ಕಾಲ. ಭಾವನವರು ಎಷ್ಟು ಸಲ ಓಡಿಸಿದರೂ ಅದು ಹೊಲ ಸುತ್ತಿ ಮತ್ತೆ ಒಳಗೇ ಬಂದು ಕೂರುತ್ತಿತ್ತು. ಹಾಗೇ ಬಿಟ್ಟರೆ ಸೊಪ್ಪಿನ ಜೊತೆ ಅದೂ ಹದವಾಗುವುದು ಖಂಡಿತ.

ನನ್ನ ಅಣ್ಣನ ಮಗಳು ಕಾವ್ಯ ಮೈಸೂರಿನಲ್ಲಿ ಇಂಥ ದಿಕ್ಕಿಲ್ಲದ ಬೆಕ್ಕುಗಳನ್ನು ಹಿಡಿದು, ಆರೈಕೆ ಮಾಡಿ, ಒಳ್ಳೆಯ ಮನೆ ನೋಡಿ ಕೊಡುತ್ತಾಳೆ. ಅವಳು ಬಂದು ಒಣಮೀನಿನ ಆಸೆ ತೋರಿಸಿ ಅದನ್ನು ಪಂಜರಕ್ಕೆ ಹಾಕಿದಳು. ಆಮೇಲೆ ಪಂಜರವನ್ನು ನೇರವಾಗಿ ನಮ್ಮ ಮನೆಯ ಜಗಲಿಗೆ ತಂದಿಟ್ಟಳು.

"ಅತ್ತೆ, ನಮ್ಮನೇಲಿ ಬೆಕ್ಕುಗಳ ಮಧ್ಯೆ ಕಾಲಿಡಕ್ಕೂ ಜಾಗ ಇಲ್ಲ. ಇದಕ್ಕೆ ಮನುಷ್ಯರು ಅಂದ್ರೆ ಪ್ರಾಣ ಹೋಗೋಷ್ಟು ಭಯ. ಸ್ವಲ್ಪ ದಿನ ಇಟ್ಕೊಂಡು ಧೈರ್ಯ ಬರ್ಸಿ. ಆಮೇಲೆ ಯಾರಾದ್ರೂ ಒಳ್ಳೆಯೋರಿಗೆ ಕೊಡೋಣ."

"ಧೈರ್ಯ ಬರದೇ ಹೋದ್ರೆ?"

"ಎದುರಿಗೇ ಬರದ ಬೆಕ್ಕನ್ನ ಯಾರು ತಗೊಂಡು ಹೋಗ್ತಾರೆ ಅತ್ತೆ? ಹೊಲಕ್ಕೇ ಬಿಡ್ಬೇಕು. ಅದು ಮತ್ತೆ ಬ್ಯಾರನ್‌ಗೇ ಹೋಗುತ್ತೆ."

ಗೊಬ್ಬರದ ಅಂಗಡಿಗೆ ಹೊರಟಿದ್ದ ಯಜಮಾನರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಅಲ್ಲೇ ನಿಂತು ನಕ್ಕರು. "ಧೈರ್ಯ ಬರ್ಸೋದಾ? ಇವ್ಳಾ? ಹಲ್ಲಿ ಲೊಚಗುಟ್ಟಿದ್ರೆ ಪಂಚಾಂಗ ಹುಡ್ಕೋಳು ಕಣಮ್ಮಾ ಇವ್ಳು!"

ಆ ಮಾತಿಗೆ ನನಗೆ ರೋಷ ಬಂತು. ಪಂಜರ ಒಳಗೆ ಬಂತು.

ನಾನು ರವಿಕೆ ಹೊಲಿಯುವವಳು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ನನ್ನ ಹೊಲಿಗೆ ಕೋಣೆ. ಆಷಾಢದಲ್ಲಿ ಮದುವೆ ಇಲ್ಲ, ಮಿಷಿನ್‌ಗೆ ಕೆಲಸವಿಲ್ಲ, ಹಾಗಾಗಿ ಕೋಣೆಯನ್ನು ಬೆಕ್ಕಿಗೆ ಬಿಟ್ಟುಕೊಟ್ಟೆ. ಆದರೆ ಗೌರಿ ಹಬ್ಬ ಹತ್ತಿರ ಬಂದರೆ ಊರಿನ ಹೆಂಗಸರೆಲ್ಲ ಅಲ್ಲೇ ಇರುತ್ತಾರೆ, ಮಿಷಿನ್ ಕಟಕಟ ನಿಲ್ಲುವುದಿಲ್ಲ. ಆ ಸದ್ದಿಗೆ ಇದು ಉಳಿಯುವ ಪೈಕಿಯಲ್ಲ. ಅಷ್ಟರೊಳಗೆ ಇದಕ್ಕೊಂದು ಮನೆ ಆಗಲೇಬೇಕು.

ಪಂಜರದ ಬಾಗಿಲು ತೆಗೆದದ್ದೇ ತಡ, ಕೆಂಚು ಬಣ್ಣದ್ದೇನೋ ಒಂದು ಸರ್ರನೆ ಹೋಗಿ ಬೀರು ಹಿಂದೆ ಮಾಯವಾಯಿತು. "ಹದ ಬಂದಿರೋ ಸೊಪ್ಪಿನ ಬಣ್ಣ ಕಣೆ!" ಎಂದರು ಯಜಮಾನರು. ಸೊಪ್ಪಿ ಎಂದು ಹೆಸರಾಯಿತು. ಮುಂದೆ ಎಷ್ಟೋ ದಿನ ನಾನು ಸಾಕಿದ್ದು ಬೀರುವನ್ನು. ಬೀರು ಮುಂದೆ ತಟ್ಟೆ ಇಡುತ್ತಿದ್ದೆ, ಬೀರುವಿಗೆ ಒಳ್ಳೆಯ ಮಾತು ಹೇಳುತ್ತಿದ್ದೆ. ಬೆಳಿಗ್ಗೆ ತಟ್ಟೆ ಖಾಲಿಯಾಗಿರುತ್ತಿತ್ತು. ಬೀರು ಚೆನ್ನಾಗಿ ತಿನ್ನುತ್ತಿತ್ತು.

ಬೆಕ್ಕು ಬದುಕಿದೆಯೋ ಇಲ್ಲವೋ ಎಂದು ಆಗಾಗ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಬಿಟ್ಟಾಗಲೆಲ್ಲ ಹಿಂದಿನಿಂದ ಎರಡು ಕಣ್ಣು ಹೊಳೆದು "ಹ್ಹಾ!" ಎಂಬ ಸದ್ದು ಬರುತ್ತಿತ್ತು. ನಾನೂ "ಅಯ್ಯೋ!" ಎನ್ನುತ್ತಿದ್ದೆ. ಒಬ್ಬರನ್ನೊಬ್ಬರು ಹೆದರಿಸುವುದರಲ್ಲಿ ನಾವು ಸರಿಸಮ. ಕಾವ್ಯಳಿಗೆ ಫೋನ್ ಮಾಡಿದೆ.

"ಟಾರ್ಚ್ ಒಳಗಿಡಿ ಅತ್ತೆ! ಅದರ ಕಡೆ ಬೆನ್ನು ಹಾಕಿ ಸುಮ್ನೆ ಕೂತ್ಕೊಳಿ. ಮೆತ್ತಗೆ ಏನಾದ್ರೂ ಓದ್ತಾ ಇರಿ, ದನಿ ಅಭ್ಯಾಸ ಆಗ್ಲಿ. ಕಣ್ಣಿಗೆ ಕಣ್ಣು ಸಿಕ್ಕಿದ್ರೆ ದಿಟ್ಟಿಸ್ಬೇಡಿ, ನಿಧಾನಕ್ಕೆ ಕಣ್ಣು ಮುಚ್ಚಿ ತೆಗೀರಿ. ನನ್ನಿಂದ ನಿಂಗೇನೂ ತೊಂದ್ರೆ ಇಲ್ಲ ಅಂತ ಅದರ ಅರ್ಥ."

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ, ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಕಡೆ ನೋಡಿದಾಗ ನನಗೇ ಅರಿವಿಲ್ಲದೆ ಅವನಿಗೂ ನಿಧಾನವಾಗಿ ಕಣ್ಣು ಮುಚ್ಚಿ ತೆರೆದೆ. ಏನು ತಿಳಿದುಕೊಂಡನೋ! ಅವನು ಗಾಬರಿಯಿಂದ, "ಏ, ಎದ್ದೇಳಪ್ಪಾ, ಅಮ್ಮೋರಿಗೆ ತಲೆ ಸುತ್ತು ಬತ್ತಾದೆ, ಜಾಗ ಬುಡು!" ಎಂದು ಸೀಟು ಕೊಡಿಸಿದ. ಈ ವಯಸ್ಸಿನ ಕಣ್ಣೋಟಕ್ಕೆ ಸಿಗುವ ಮರ್ಯಾದೆ ಅಷ್ಟು.

ಓದುವ ವಿಷಯದಲ್ಲೂ ತೊಡಕಾಯಿತು. ಕೈಗೆ ಸಿಕ್ಕ ಪೇಪರನ್ನೇ ಓದುತ್ತ ಕೂತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದರು.

"ಅಲ್ವೇ, ಮೊದ್ಲೇ ಹೆದ್ರಿರೋ ಬೆಕ್ಕಿಗೆ ಲಾರಿ ಮಗುಚಿದ್ದು, ಆನೆ ತುಳ್ದಿದ್ದು ಓದಿ ಹೇಳ್ತಿದ್ದೀಯಲ್ಲಾ!"

"ಮತ್ತೆ ಏನು ಓದ್ಲಿ?"

"ರಾಶಿಫಲ ಓದು. ಅದ್ರಲ್ಲಿ ಎಲ್ರಿಗೂ ಒಳ್ಳೇದೇ ಬರ್ದಿರ್ತಾರೆ."

ಸದ್ದಿಗೆ ಸೊಪ್ಪಿ ಬೆಚ್ಚುವುದನ್ನು ಕಂಡು ನಾನು ಮನೆಯಲ್ಲಿ ಮೌನ ಜಾರಿಗೆ ತಂದೆ. ಕುಕ್ಕರ್ ಕೂಗುವಂತಿಲ್ಲ, ಪಾತ್ರೆಯಲ್ಲಿ ಬೇಯಿಸಿದ ಅನ್ನ ಅರ್ಧ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಮಿಕ್ಸಿ ಓಡುವಂತಿಲ್ಲ, ಚಟ್ನಿಗೆ ಪಕ್ಕದ ಮನೆಯ ಪುಟ್ಟತಾಯಮ್ಮನವರ ಮಿಕ್ಸಿ. ಟಿ.ವಿ. ಬಂದ್. ಹೊಲದ ಆ ಬದುವಿನಲ್ಲಿರುವವರಿಗೂ ಕೇಳುವಂತೆ ಮಾತಾಡುವ ಯಜಮಾನರು ಫೋನಿನಲ್ಲಿ ಪಿಸುಗುಟ್ಟುತ್ತ, ತುದಿಗಾಲಲ್ಲಿ ಓಡಾಡತೊಡಗಿದರು.

ನಮ್ಮ ಬೀದಿಯಲ್ಲಿ ಒಂದು ಮನೆ ಇಷ್ಟು ನಿಶ್ಶಬ್ದವಾಗಿದ್ದರೆ ಅದಕ್ಕೆ ಒಂದೇ ಕಾರಣ. ಒಂದು ಸಂಜೆ ಪುಟ್ಟತಾಯಮ್ಮನವರ ನೇತೃತ್ವದಲ್ಲಿ ಬೀದಿಯ ಹೆಂಗಸರೆಲ್ಲ ಬ್ರೆಡ್ಡು, ಮೋಸಂಬಿ ಹಿಡಿದು ಬಂದೇ ಬಿಟ್ಟರು!

"ಶಿವಣ್ಣೋರ್ಗೆ ಏನಾಯ್ತವ್ವಾ ಸುಮಿತ್ರಾ? ಡಾಕುಟ್ರು ಏನಂದ್ರು? ನಮ್ಗೊಂದ್ ಮಾತು ಯೋಳ್ಬಾರ್ದಿತ್ತಾ?" ಎಂದು ಪುಟ್ಟತಾಯಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ರೋಗಿ, ಅಂದರೆ ನಮ್ಮ ಯಜಮಾನರು, ಸ್ನಾನ ಮುಗಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು, ಮಿರಮಿರ ಮಿಂಚುತ್ತ ಬಂದರು. ಹಣ್ಣು ನೋಡಿದರು. ನನ್ನ ಮುಖ ನೋಡಿದರು. ಬಂದವರಿಗೆ ನಿರಾಸೆಯಾಗಬಾರದೆಂದು ಒಂದೆರಡು ಸಲ ಕೆಮ್ಮಿದರು.

ಆ ಗದ್ದಲಕ್ಕೆ ಬೀರು ಹಿಂದಿದ್ದ ಸೊಪ್ಪಿ ಬೀರು ತಲೆಯ ಮೇಲಕ್ಕೆ ಹೋಗಿ ಕೂತಿತು. ಅಷ್ಟು ದಿನದ ನನ್ನ ತಪಸ್ಸು ನೀರುಪಾಲಾಯಿತು. ಯಜಮಾನರು ಮಾತ್ರ ಮೋಸಂಬಿ ತಿಂದರು.

ಮತ್ತೆ ಮೊದಲಿನಿಂದ ಶುರು. ಬೆನ್ನು ಹಾಕಿ ಕೂರುವುದು, ರಾಶಿಫಲ ಓದುವುದು. ಒಂದು ಮಧ್ಯಾಹ್ನ ನೆಲದ ಮೇಲೆ ಕೂತು ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದೆ. ಉದ್ದನೆಯ ಚೂರೊಂದು ತಾನೇ ಹಿಂದಕ್ಕೆ ಸರಿಯಿತು. ತಿರುಗದೆ ಓರೆಗಣ್ಣಲ್ಲಿ ನೋಡಿದೆ. ಬೀರು ಸಂದಿಯಿಂದ ಒಂದು ಕೆಂಚು ಪಂಜ ಬಂದು ಬಟ್ಟೆಯ ತುದಿ ಹಿಡಿದಿತ್ತು. ಎಳೆಯಿತು. ನಾನು ಈ ಕಡೆ ಸ್ವಲ್ಪ ಎಳೆದೆ. ಅದು ಮತ್ತೆ ಎಳೆಯಿತು. ಆಟ! ಬ್ಯಾರನ್‌ನ ಕತ್ತಲಲ್ಲಿ ಬದುಕಿದ ಜೀವ ನನ್ನ ಜೊತೆ ಆಡುತ್ತಿದೆ! ಇಂಥ ಘಳಿಗೆಯಲ್ಲಿ ಅಲುಗಾಡಬಾರದು, ಉಸಿರೆತ್ತಬಾರದು ಎಂದು ಕಾವ್ಯ ಸಾವಿರ ಸಲ ಹೇಳಿದ್ದಳು.

"ರೀ! ಬೇಗ ಬನ್ರೀ ಇಲ್ಲಿ!" ಎಂದು ಕಿರುಚಿದೆ.

ಪಂಜ ಮಾಯ.

ಆದರೂ ಅಂದಿನಿಂದ ಅದು ಬೀರು ಹಿಂದಿನಿಂದ ಪಕ್ಕಕ್ಕೆ ಬಂತು. ನಾನಿದ್ದಾಗಲೇ ತಿನ್ನತೊಡಗಿತು. ಒಮ್ಮೆ ನನ್ನ ಕಾಲ ಹೆಬ್ಬೆರಳನ್ನು ಮೂಸಿ ನೋಡಿತು. ಇನ್ನು ಮಡಿಲಿಗೆ ಬರುವುದೊಂದು ಬಾಕಿ. ದಿನಾ ಹಳೆಯ ಸೀರೆಯೊಂದನ್ನು ಮಡಿಲಿಗೆ ಹಾಸಿಕೊಂಡು ಕಾಯುತ್ತಿದ್ದೆ. ಅದು ಬರಲಿಲ್ಲ. ಗೌರಿ ಹಬ್ಬ ಮಾತ್ರ ಬರುತ್ತಿತ್ತು.

ಆಗಲೇ ಕಾವ್ಯಳಿಂದ ಸುದ್ದಿ. ಕಂಪಲಾಪುರದಲ್ಲಿ ದಿನಸಿ ಅಂಗಡಿ ಇಟ್ಟಿರುವ ಲತಾ ಎಂಬವರು ತಮ್ಮ ಅತ್ತೆಯ ಜೊತೆ ಬೆಕ್ಕನ್ನು ನೋಡಲು ಬರುತ್ತಾರಂತೆ. ಒಪ್ಪಿಗೆಯಾದರೆ ಅಂದೇ ಕರೆದೊಯ್ಯುತ್ತಾರಂತೆ.

ನೋಡಲು ಬರುತ್ತಾರೆ ಎಂದರೆ ನಮ್ಮ ಕಡೆ ಮಾಡುವುದೇನು? ಉಪ್ಪಿಟ್ಟು, ಕೇಸರಿಬಾತು! ರಾಹುಕಾಲ ನೋಡಿ ಹೊತ್ತು ತಿಳಿಸಿದೆ. ಮನೆ ಸಾರಿಸಿದೆ. ಅವರೂ ಕಡಿಮೆಯವರಲ್ಲ. ತಟ್ಟೆಯಲ್ಲಿ ಬಾಳೆಹಣ್ಣು, ಹೂವು, ಎಲೆ ಅಡಿಕೆ ಇಟ್ಟುಕೊಂಡು ಕಾರಿನಿಂದ ಇಳಿದರು. ಜೊತೆಗೆ ಮುಚ್ಚಳವಿರುವ ಬೆತ್ತದ ಬುಟ್ಟಿ.

"ಎಲ್ಲವ್ವಾ ಉಡ್ಗಿ?" ಎಂದರು ಲತಾ ಅವರ ಅತ್ತೆ, ಹೊಲಿಗೆ ಕೋಣೆಯಲ್ಲಿ ಕೂರುತ್ತ.

ನಾನು ಬೀರು ತೋರಿಸಿದೆ.

"ನಾಚ್ಕತ್ತಾಳಾ?"

"ಸ್ವಲ್ಪ ಸಂಕೋಚದ ಸ್ವಭಾವ," ಎಂದೆ. ಹೆಣ್ಣು ಹೆತ್ತವರ ದನಿ ತಾನಾಗಿಯೇ ಬಂದಿತ್ತು. "ಊಟ ತಿಂಡಿ ಎಲ್ಲ ಶಿಸ್ತು."

ಅಂದಿನ ಭದ್ರತೆಗೆ ನಾನು ಮಾಡಿದ ಏರ್ಪಾಡನ್ನು ಪೊಲೀಸರೂ ಮೆಚ್ಚಬೇಕು. ಕಿಟಕಿ ಮುಚ್ಚಿ ಸಂದಿಗೆಲ್ಲ ಬಟ್ಟೆ ತುರುಕಿದ್ದೆ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಜಡಿದಿದ್ದೆ. ಬೀದಿ ಬಾಗಿಲಿಗೆ, ಎಳೆದರೆ ತಾನೇ ಬೀಗ ಬೀಳುವ ಹೊಸ ಲಾಕು ಹಾಕಿಸಿದ್ದೆ. ಎಲ್ಲರೂ ಕೂತ ಮೇಲೆ ಕಟ್ಟಪ್ಪಣೆ ಹೊರಡಿಸಿದೆ: "ಸೊಪ್ಪಿ ತಾನಾಗಿ ಬಂದು ಬುಟ್ಟಿ ಸೇರೋವರೆಗೂ ಯಾರೂ ಏಳೋ ಹಾಗಿಲ್ಲ. ಬಾಗಿಲ ಹತ್ರ ಯಾರೂ ಹೋಗೋ ಹಾಗಿಲ್ಲ. ಯಾರು ಬಂದು ತಟ್ಟಿದ್ರೂ ತೆಗೆಯೋ ಹಾಗಿಲ್ಲ."

"ಯಾರು ತಟ್ಟಿದ್ರೂವಾ?" ಎಂದರು ಯಜಮಾನರು.

"ಯಾರು ತಟ್ಟಿದ್ರೂ!"

ಕೂತೆವು. ಸೊಪ್ಪಿಯ ಮೀಸೆ ಮಾತ್ರ ಬೀರು ಪಕ್ಕದಲ್ಲಿ ಕಾಣುತ್ತಿತ್ತು. ಬರುತ್ತದೋ ಇಲ್ಲವೋ? ಬರದಿದ್ದರೆ ಇವರು ಬರಿ ಬುಟ್ಟಿ ಹಿಡಿದು ಹೋಗುತ್ತಾರೆ, ಸೊಪ್ಪಿ ಹೊಲಕ್ಕೆ ಹೋಗುತ್ತದೆ. ನಾನು ಸೊಪ್ಪಿಯನ್ನೇ ನೋಡುತ್ತಿದ್ದೆ. ಸೊಪ್ಪಿ ನನ್ನನ್ನೇ ನೋಡುತ್ತಿತ್ತು. ಮೀಸೆ ಒಂದಿಷ್ಟು ಮುಂದೆ ಬಂತು.

"ಸುಮಿತ್ರಾ! ಏ ಸುಮಿತ್ರಾ! ರವ್ಕೆ ಕಣಾ ತಂದಿವ್ನಿ!" ಗೇಟಿನಿಂದ ಪುಟ್ಟತಾಯಮ್ಮನವರ ದನಿ.

ಮೀಸೆ ಹಿಂದೆ ಹೋಯಿತು. ಮುಂದಿನ ಕೂಗು ಬರುವ ಮೊದಲೇ ಅವರ ಬಾಯಿ ಮುಚ್ಚಿಸಬೇಕೆಂದು ನಾನು ಚಂಗನೆ ಹೊರಗೆ ಜಿಗಿದೆ. ಬೆಕ್ಕು ಓಡಬಾರದೆಂದು ಬಾಗಿಲನ್ನು ಹಿಂದೆಯೇ ಎಳೆದುಕೊಂಡೆ.

ಕಟಕ್.

ಹೊಸ ಲಾಕು ತುಂಬ ಚೆನ್ನಾಗಿ ಕೆಲಸ ಮಾಡಿತ್ತು.

ಕೀ ಒಳಗೆ. ಫೋನ್ ಒಳಗೆ. ಜೋರಾಗಿ ಬಡಿದರೆ ಸೊಪ್ಪಿಯ ಕಥೆ ಮುಗಿದಂತೆ. ಉಗುರಿನಲ್ಲಿ ಮೆಲ್ಲಗೆ ತಟ್ಟಿದೆ. "ರೀ, ನಾನು," ಎಂದು ಪಿಸುಗುಟ್ಟಿದೆ. ಒಳಗಿನಿಂದ "ಶ್!" ಎಂದು ಬಂತು. ಮದುವೆಯಾದಂದಿನಿಂದ ಯಜಮಾನರು ನನ್ನ ಮಾತನ್ನು ಚಾಚೂತಪ್ಪದೆ ಪಾಲಿಸಿದ್ದು ಅಂದೇ ಮೊದಲು!

ಕಿಟಕಿಯಲ್ಲಿ ಇಣುಕಿದೆ. ಬಟ್ಟೆ. ಅಷ್ಟು ಅಚ್ಚುಕಟ್ಟಾಗಿ ತುರುಕಿದ್ದವಳು ನಾನೇ.

"ಇದೇನವ್ವಾ, ನಿನ್ ಮನೆಯಿಂದ ನಿನ್ನೇ ಆಚ್ಗಾಕವ್ರಾ?" ಎಂದರು ಪುಟ್ಟತಾಯಮ್ಮ. ವಿಷಯ ತಿಳಿಸಿದೆ. "ಸೈ ಬುಡು! ನೋಡಕ್ ಬಂದೋರು ಒಳಗೆ, ಎಣ್ಣಿನ್ ಅವ್ವ ಜಗ್ಲೀಲಿ!"

ಬಾಗಿಲಿಗೆ ಕಿವಿ ಕೊಟ್ಟೆ. ಮೊದಲು ನಿಶ್ಶಬ್ದ. ಆಮೇಲೆ ಚಮಚದ ಸದ್ದು. ಆಮೇಲೆ ನಗು! ನಗುವುದು ನನ್ನ ಅಪ್ಪಣೆಯಲ್ಲಿ ಇರಲೇ ಇಲ್ಲ. ಬೆಕ್ಕು ಅಟ್ಟಕ್ಕೆ ಹಾರಿತೋ, ಆ ಅಜ್ಜಿಯನ್ನು ಪರಚಿತೋ, ಇವರೇಕೆ ನಗುತ್ತಿದ್ದಾರೆ? ನಾನು ಜಗಲಿಯ ಮೇಲೆ ಶತಪಥ ಹಾಕಿದೆ.

"ಕುಂತ್ಕಳವ್ವಾ ಸುಮ್ಕೆ. ನೀ ಒಬ್ಳು ಎದ್ರಿದ್ರೆ ಬೀದೀಗೇ ಎದ್ರಿಕೆ ಆಯ್ತದೆ," ಎಂದು ಪುಟ್ಟತಾಯಮ್ಮ ಗದರಿದರು. "ಎಂಗೂ ಆಚೆ ಬಿದ್ದಿದ್ದೀಯ, ಕತ್ನಲ್ಲಿ ಟೇಪೂ ಐತೆ. ನನ್ ಅಳತೆನಾದ್ರೂ ತಗೋ."

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಯಜಮಾನರ ಮೀಸೆಯಡಿ ನಗು. ಲತಾ ಅವರ ಕೈಯಲ್ಲಿ ಮುಚ್ಚಿದ ಬುಟ್ಟಿ, ಸಂದಿಯಲ್ಲಿ ಕೆಂಚು ಬಾಲದ ತುದಿ.

"ನೀವು ಅತ್ಲಾಗ್ ಓದ್ರಿ, ಇದು ಇತ್ಲಾಗ್ ಬಂತು ಕಣವ್ವಾ," ಎಂದರು ಅತ್ತೆ. "ಮೈಮುರ್ದು, ಸೀದಾ ಬಂದು ನನ್ ಮಡ್ಲಲ್ಲಿ ಕುಂತ್ಕತು. ಕೇಸರಿಬಾತಿನ್ ತುಪ್ಪ ನೆಕ್ತು. ಒಂದ್ ನಿದ್ದೆ ತೆಗ್ದು, ಬುಟ್ಟೀಗೆ ತಾನೇ ಓಯ್ತು. ನೀವು ಯಾವಾಗ್ ಎದ್ ಓಯ್ತೀರಾ ಅಂತ ಕಾಯ್ತಿತ್ತೇನೋ!"

ಪಾಪ, ಆಕೆ ಹೊಗಳುವ ದನಿಯಲ್ಲೇ ಹೇಳಿದ್ದು.

ಸೊಪ್ಪಿ ಈಗ ಕಂಪಲಾಪುರದ ಅಂಗಡಿಯಲ್ಲಿ ಅಕ್ಕಿ ಮೂಟೆಯ ಮೇಲೆ ಮಲಗುತ್ತದೆ. ಗಿರಾಕಿಗಳು ಮುಟ್ಟಿದರೂ ಎದ್ದೋಡುವುದಿಲ್ಲ ಎಂದು ಲತಾ ಫೋಟೋ ಕಳಿಸುತ್ತಾರೆ. ಮುಂದಿನ ಬೆಕ್ಕಿಗೆ ಪಂಜರ ಸಿದ್ಧವಿದೆ ಎಂದು ಕಾವ್ಯ ಹೇಳಿದ್ದಾಳೆ. ಬೇಡವೆನ್ನಲು ನನಗೆ ಬಾಯಿ ಬಂದಿಲ್ಲ. ನಾನು ಹೆದರಿದ್ದರಲ್ಲಿ ಒಂದೂ ನಡೆಯಲಿಲ್ಲ. ಯಾರ ಕೈಯೂ ಊದಲಿಲ್ಲ, ಯಾರ ಸೊಂಟವೂ ಹಿಡಿದುಕೊಳ್ಳಲಿಲ್ಲ, ಮಡಿಕೇರಿ ಬಸ್ಸು ತನ್ನ ಪಾಡಿಗೆ ಓಡುತ್ತಿದೆ. ತಪ್ಪಿದ್ದು ಒಂದೇ ಒಂದು, ಅದೂ ಬಹಳ ಸಣ್ಣದು. ಆಷಾಢದಿಂದ ನಾನು ಹಳೆ ಸೀರೆ ಹಾಸಿಕೊಂಡು ಕಾದ ಆ ಘಳಿಗೆ, ಸೊಪ್ಪಿ ಮೊದಲ ಸಲ ಮನುಷ್ಯರ ಮಡಿಲು ಹತ್ತಿದ ಆ ಘಳಿಗೆ, ಬಂದಾಗ ನಾನು ಜಗಲಿಯಲ್ಲಿ ಪುಟ್ಟತಾಯಮ್ಮನವರ ತೋಳಿನ ಸುತ್ತಳತೆ ತೆಗೆಯುತ್ತಿದ್ದೆ.