ಕೆಟ್ಟ ಕಂಟ್ರೋಲಿಗೆ ಒಗ್ಗಿದವರು

ನಮ್ಮೂರು ವಾಡಿಯಲ್ಲಿ ಸಿಮೆಂಟಿನ ಧೂಳು ಇರುವ ತನಕ ನನ್ನ ರಿಪೇರಿ ಅಂಗಡಿಗೆ ಬರಗಾಲವಿಲ್ಲ, ನನ್ನ ತಲೆನೋವಿಗೂ ಇಲ್ಲ. ತಿರುಗಿಸುವ ಬಟನ್ ಹಿಂದೆ ಕೂತು ಸದ್ದು, ಗಾಳಿ, ಶ್ರುತಿ ಎಲ್ಲವನ್ನೂ ಹೆಚ್ಚುಕಮ್ಮಿ ಮಾಡುವ ಕಂಟ್ರೋಲ್ ಇದೆಯಲ್ಲ, ಅದರೊಳಗೆ ಧೂಳು ಹೊಕ್ಕಿತೆಂದರೆ ಕೆಟ್ಟಿತೆಂದೇ ಲೆಕ್ಕ. ಹೊಸದು ಹಾಕುವುದು ನನಗೆ ಚಹಾ ಕುಡಿದಷ್ಟು ಸಲೀಸು. ಆದರೆ ಜನ ಅಷ್ಟರೊಳಗೆ ಕೆಟ್ಟದ್ದಕ್ಕೇ ಒಗ್ಗಿಬಿಟ್ಟಿರುತ್ತಾರೆ.

೧. ಗೇಟಿನ ಭಾಷಣ

ಕಾಳಗಿ ಕಡೆಯ ಒಂದು ಶಾಲೆಯ ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ಕಡಿಮೆಯೇ ಆಗುತ್ತಿರಲಿಲ್ಲ. ಹಚ್ಚಿದರೆ ಪೂರ್ತಿ ಸದ್ದು. ಹೆಡ್‌ಮಾಸ್ತರು ಅದಕ್ಕೆ ತಮ್ಮದೇ ಉಪಾಯ ಹುಡುಕಿದ್ದರು. ಮೈಕು ಕಟ್ಟೆಯ ಮೇಲೆ, ಭಾಷಣಕ್ಕೆ ಅವರು ದೂರದ ಗೇಟಿನ ಹತ್ತಿರ, ನಡುವೆ ಮಕ್ಕಳು. ನಾನು ಕಂಟ್ರೋಲ್ ಬದಲಿಸಿದ ಮರುದಿನವೇ ಫೋನು ಬಂತು, ಸದ್ದೇ ಬರುತ್ತಿಲ್ಲವೆಂದು. ಹೋಗಿ ನೋಡಿದರೆ ಮಾಸ್ತರು ಇನ್ನೂ ಗೇಟಿನಲ್ಲೇ ನಿಂತು ಮಾತಾಡುತ್ತಿದ್ದಾರೆ. ಮೈಕಿನ ಹತ್ತಿರ ಬನ್ನಿ ಅಂದೆ. ಅವರಿಗೆ ಸಿಟ್ಟೇ ಬಂತು.

"ಹತ್ರ ಹೋಗೇ ಮಾತಾಡೋದಿದ್ರ ಮೈಕ್ ಯಾಕ್ ಬೇಕ್ರಿ?"

೨. ಹಾರುವ ಸೀರೆ

ಶಹಾಬಾದಿನ ಸೀರೆ ಅಂಗಡಿಯ ಸೇಟರ ಫ್ಯಾನಿನ ರೆಗ್ಯುಲೇಟರ್ ಕೆಟ್ಟು, ಅದು ಬಿರುಗಾಳಿಯಂತೆ ತಿರುಗುತ್ತಿತ್ತು. ಒಳಗಿನ ಕಂಟ್ರೋಲ್ ಬದಲಿಸಿ ತಂಗಾಳಿ ಮಾಡಿಕೊಟ್ಟೆ. ಕೆಲವೇ ದಿನಕ್ಕೆ, ಹಳೆಯದನ್ನೇ ಹಾಕಿಕೊಡಿ ಎಂದು ಬಂದರು. ಮೊದಲು ಸೆರಗು ತುಸು ಬಿಡಿಸಿದರೆ ಸಾಕು, ಫ್ಯಾನೇ ಹಾರಿಸಿ ತೋರಿಸುತ್ತಿತ್ತಂತೆ. ಹೆಗಲ ಮೇಲೆ ತಾನಾಗಿ ಬಂದು ಬಿದ್ದ ಸೀರೆಯನ್ನು ಯಾವ ಹೆಣ್ಣುಮಗಳೂ ವಾಪಸು ಕೊಡುತ್ತಿರಲಿಲ್ಲವಂತೆ. ಹಾಗಾದರೆ ಬಟನ್ ಪೂರ್ತಿ ತಿರುಗಿಸಿ, ಗಾಳಿ ಜೋರಾಗುತ್ತದೆ ಅಂದೆ.

"ತೋಬಾ, ಹೆಣ್ಮಕ್ಕಳ ಮೈಮ್ಯಾಲ ನಾನಾಗಿ ಸೀರಿ ಹಾರಿಸಲೇನ್ರಿ? ಅದು ತಾನಾಗೇ ಹಾರಬೇಕು."

೩. ಏರುವ ಶ್ರುತಿ

ಸೇಡಂನ ಹಿರಿಯ ಹೆಂಗಸೊಬ್ಬರು, ಎಲ್ಲರ ಬಾಯಲ್ಲೂ 'ಬಾಯಿ', ದಾಸರ ಪದ ಹಾಡುವ ಭಜನಾ ಮಂಡಳಿ ನಡೆಸುತ್ತಾರೆ. ಚಿತ್ತಾಪುರದ ಸ್ಪರ್ಧೆಯಲ್ಲಿ ಅವರಿಗೆ ಯಾವಾಗಲೂ ಕಡೆಯ ಸ್ಥಾನ. ಈ ಸಲ ಬಹುಮಾನ ಬರದಿದ್ದರೆ ಮಂಡಳಿಯನ್ನೇ ಮುಚ್ಚುತ್ತೇನೆಂದು ಎಲ್ಲರ ಮುಂದೆ ಹೇಳಿಬಿಟ್ಟಿದ್ದರು. ಸ್ಪರ್ಧೆಯ ಹಿಂದಿನ ದಿನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದುಕೊಟ್ಟರು, ಕರಕರ ಅನ್ನುತ್ತದೆಂದು. ಹಚ್ಚಿ ಕೂತೆ. ಕರಕರ ಹಾಳಾಗಲಿ, ಕಂಟ್ರೋಲ್ ಬಿಸಿಯಾದ ಹಾಗೆ ಶ್ರುತಿ ತಾನಾಗಿಯೇ ಮೆಲ್ಲಗೆ ಏರುತ್ತಿತ್ತು. ಪಾಪ, ಇಷ್ಟು ವರ್ಷ ಆ ಹೆಂಗಸರು ಅದರ ಬೆನ್ನುಹತ್ತಿ ಏರಿದ್ದಾರೆ. ಹೊಸ ಕಂಟ್ರೋಲ್ ಹಾಕಿ, ಶ್ರುತಿ ಅಲುಗದಂತೆ ಮಾಡಿ ಕೊಟ್ಟೆ. ಕೇಳುವ ಆಸೆಗೆ ಸ್ಪರ್ಧೆಗೂ ಹೋದೆ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗಾಯಿತು. ಶ್ರುತಿಪೆಟ್ಟಿಗೆ ನಿಂತಲ್ಲೇ ನಿಂತಿತು, ಹೆಂಗಸರು ರೂಢಿಯಂತೆ ಏರಿದರು. ಹಾರ್ಮೋನಿಯಂನವನು ಅವರ ಜೊತೆ ಬಲಕ್ಕೆ ಸರಿಯುತ್ತಾ ಸರಿಯುತ್ತಾ, ಕಡೆಯ ನುಡಿಗೆ ಬೆರಳಿಡಲು ಜಾಗ ಸಿಗದೆ ಕೈಮುಗಿದುಬಿಟ್ಟ.

"ಬಾಯಾರ, ನನ್ನ ಪೆಟ್ಟಿಗಿ ಮುಗೀತ್ರಿ."

ಹೆಂಗಸರು ನಿಲ್ಲಲಿಲ್ಲ, ಅವನನ್ನು ಬಿಟ್ಟು ಇನ್ನೂ ಏರಿದರು. ಮಂಡಳಿ ಮುಚ್ಚಿಸಿದ ಪಾಪ ನನ್ನ ತಲೆಗೇ ಬಂತೆಂದು ಹೆದರಿ, ಫಲಿತಾಂಶಕ್ಕೂ ಕಾಯದೆ ಜಾಗ ಖಾಲಿ ಮಾಡಿದೆ.

ಮರುದಿನ ಬಾಯಿ ಅಂಗಡಿಗೇ ಬಂದರು. ಕೈಯಲ್ಲಿ ಮೊದಲನೇ ಬಹುಮಾನದ ಶೀಲ್ಡು. ಹಾರ್ಮೋನಿಯಂ ಮುಗಿದ ಮೇಲೂ ಹಾಡಿದವರನ್ನು ಇದುವರೆಗೆ ಕೇಳಿಯೇ ಇಲ್ಲ ಅಂದರಂತೆ ತೀರ್ಪುಗಾರರು. ನಾನು ಉಸಿರು ಬಿಡುವಷ್ಟರಲ್ಲಿ ಶ್ರುತಿಪೆಟ್ಟಿಗೆಯನ್ನು ನನ್ನ ಮುಂದಿಟ್ಟರು.

"ಉಸ್ತಾದ, ಇದು ಭಾಳ ಕೆಟ್ಟದ, ಜಲ್ದಿ ಸರಿ ಮಾಡ್ರಿ. ನಾವು ಎಲ್ಲೆಲ್ಲಿಗೋ ಏರಿದ್ವಿ, ಇದು ಕುಂತಲ್ಲೇ ಕುಂತದ."